ಬೇವಿನ ಮರದ ಬಾಣಂತಿ

ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಬಿದಿರಿನ ಗಳ ನಿಂತಿದೆ. ಅದರ ತುದಿಗೆ ಪಾಯಸ ಬಡಿಸುವ ಹಿತ್ತಾಳೆಯ ಸೌಟನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದೆ. ಮಸ್ಕಿಯ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಮೂಲೆಯಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಕೆಟ್ಟುಹೋದ ಕೂಲರು, ಕಾಲು ಮುರಿದ ಕುರ್ಚಿ, ಹತ್ತಿಯ ಚೀಲ. ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಗಳದ ಬಗ್ಗೆ ಮಾತ್ರ ಎಲ್ಲರೂ ಕೇಳುತ್ತಾರೆ. ಚಹಾದ ಬಟ್ಟಲು ಕೈಗೆ ಬಂದ ಮೇಲೆ ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಇದೇನ್ರೀ ಮಾಸ್ತರ, ಮಾಳಿಗಿ ಮ್ಯಾಲೆ ಕುಂತವ್ರಿಗೆ ಪಾಯಸ ಬಡಸ್ತೀರೇನು?" ಅನ್ನುತ್ತಾರೆ.

ನಾನು ಕಥೆ ಹೇಳಲು ಶುರು ಮಾಡುತ್ತೇನೆ. ಅಡುಗೆಮನೆಯಿಂದ ನನ್ನ ಹೆಂಡತಿ ನೀಲಮ್ಮ ನಡುನಡುವೆ ತಿದ್ದುತ್ತಾಳೆ. "ಅದು ನೀವು ಹೇಳಿದ್ದಲ್ರೀ, ಅಳಿಯ ಹೇಳಿದ್ದು." "ಗಳ ಹಿಡಿದಿದ್ದು ನೀವ ಖರೇ, ಆದ್ರ ಹಣ್ಣು ಬಿದ್ದಿದ್ದು ನಿಮ್ಮ ಮಾರಿ ಮ್ಯಾಲೆ." ಹೀಗೆ ತಿದ್ದಿಸಿಕೊಂಡು ತಿದ್ದಿಸಿಕೊಂಡು ಕಥೆಯಲ್ಲಿ ನನ್ನ ಪಾತ್ರ ಸಣ್ಣದಾಗುತ್ತ ಬಂದಿದೆ. ಪೂರ್ತಿ ಮಾಯವಾಗುವ ಮೊದಲು ಬರೆದಿಟ್ಟುಬಿಡೋಣ ಎಂದು ಕುಳಿತಿದ್ದೇನೆ.

ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ದಿನಾ ಬೆಳಿಗ್ಗೆ ಮಸ್ಕಿಯಲ್ಲಿ ಬಸ್ಸು ಹಿಡಿದು ಲಿಂಗಸುಗೂರಿನ ಹೈಸ್ಕೂಲಿಗೆ ಹೋಗುವುದು, ಸಂಜೆ ತೂಕಡಿಸುತ್ತ ವಾಪಸು ಬರುವುದು. ಪಕ್ಷಿಗಳ ಪಾಠ ಬಂದಾಗ ಬೋರ್ಡಿನ ಮೇಲೆ ಮೂರು ವಾಕ್ಯ ಬರೆಯುತ್ತಿದ್ದೆ. ಪಕ್ಷಿಗಳು ಗೂಡು ಕಟ್ಟುತ್ತವೆ. ಮೊಟ್ಟೆ ಇಟ್ಟು ಕಾವು ಕೊಡುತ್ತವೆ. ಮರಿಗಳಿಗೆ ಗುಟುಕು ಕೊಡುತ್ತವೆ. ಅಲ್ಲಿಗೆ ಪಕ್ಷಿಸಂಕುಲದ ಸಂಸಾರ ಮುಗಿಯುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಮರಿ ಗೂಡಿನ್ಯಾಗ ಹೇತ್ರ ಯಾರು ಬಳೀತಾರ್ರೀ?" ಎಂದು ಕೇಳಿದಳು. ಕ್ಲಾಸೆಲ್ಲ ನಕ್ಕಿತು. "ಅದು ಪರೀಕ್ಷೆಗೆ ಬರೂದಿಲ್ಲ, ಕೂಡು" ಎಂದೆ. ಆ ಮೂವತ್ತು ವರ್ಷದಲ್ಲಿ ಪಕ್ಷಿಗಳ ಬಗ್ಗೆ ನನ್ನ ಕ್ಲಾಸಿನಲ್ಲಿ ಎದ್ದ ಒಂದೇ ಒಂದು ವೈಜ್ಞಾನಿಕ ಪ್ರಶ್ನೆ ಅದು ಎಂದು ಈಗ ಅನಿಸುತ್ತದೆ. ಉತ್ತರ ನನಗೆ ಗೊತ್ತಿರಲಿಲ್ಲ.

ಹಾಗಂತ ಗೂಡಿನ ಅನುಭವವೇ ಇರಲಿಲ್ಲ ಎಂದಲ್ಲ. ನಾನು ಹುಟ್ಟಿ ಬೆಳೆದದ್ದು ಮುದಗಲ್ಲಿನಲ್ಲಿ. ಕೋಟೆಗೋಡೆಯ ಕಲ್ಲುಸಂದುಗಳಲ್ಲಿ ಗಿಳಿಗಳು ಮರಿ ಮಾಡುತ್ತಿದ್ದವು. ಮೂರನೇ ಇಯತ್ತೆಯಲ್ಲಿದ್ದಾಗ ಒಂದು ಸಂದಿನಲ್ಲಿ ಭುಜದವರೆಗೆ ಕೈ ಹಾಕಿ, ತಾಯಿಯಿಂದ ಕಚ್ಚಿಸಿಕೊಂಡು, ಒಂದು ಮರಿಯನ್ನು ಹೊರಗೆ ತೆಗೆದೆ. ಮೈಮೇಲೆ ಒಂದು ಪುಕ್ಕವಿಲ್ಲ, ದೊಡ್ಡ ಹೊಟ್ಟೆ, ಮುಚ್ಚಿದ ಕಣ್ಣು. ಥೇಟು ನಮ್ಮ ಓಣಿಯ ಸಾಹುಕಾರರು ಮಧ್ಯಾಹ್ನ ಮಲಗಿದಂತಿತ್ತು. ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಮನೆಗೆ ತಂದೆ. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ನೋಡಿದಳು. "ನಿನ್ನ ಯಾರರ ಹಿಂಗ ಕಿಸೇದಾಗ ಇಟಗೊಂಡು ಒಯ್ದಿದ್ರ ನಿಮ್ಮವ್ವ ಏನ್ ಮಾಡ್ತಿದ್ಲು? ಎಲ್ಲಿಂದ ತಂದಿ, ಅಲ್ಲೇ ಇಟ್ಟು ಬಾ" ಎಂದಳು.

ಓಡಿದೆ. ಆದರೆ ಕೋಟೆಯಲ್ಲಿ ಎಲ್ಲ ಸಂದುಗಳೂ ಒಂದೇ ಥರ. ಇದೇ ಇರಬೇಕು ಎಂದು ಒಂದರಲ್ಲಿ ಇಟ್ಟು ತಿರುಗಿ ನೋಡದೆ ಬಂದೆ. ಸರಿಯಾದ ಮನೆಯೋ, ಪಕ್ಕದ ಮನೆಯೋ ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ನಾನು ಯಾವ ಗೂಡಿನ ಹತ್ತಿರವೂ ಕೈ ಒಯ್ಯಲಿಲ್ಲ. ಪುಸ್ತಕದ ಹಕ್ಕಿಗಳು ಕಚ್ಚುವುದಿಲ್ಲ, ಮನಸ್ಸನ್ನೂ ಚುಚ್ಚುವುದಿಲ್ಲ.

ಇರಲಿ. ಹೋದ ವರ್ಷ ಫೆಬ್ರವರಿಯ ಕೊನೆಗೆ ನಮ್ಮ ಒಬ್ಬಳೇ ಮಗಳು ಸುಜಾತಾ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಹೆಣ್ಣುಕೂಸನ್ನು ಹೆತ್ತು ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ನೀಲಮ್ಮ ಹಿಂದಿನ ಕೋಣೆಯನ್ನು ಬಾಣಂತಿ ಕೋಣೆ ಮಾಡಿದಳು. ಮಾಡಿದಳು ಅಂದರೆ, ಗಾಳಿ ಬರುವ ದಾರಿಗಳನ್ನೆಲ್ಲ ಮುಚ್ಚಿದಳು. ಕಿಟಕಿಯ ಸಂದಿಗೆ ಹಳೆಯ ಸೀರೆ, ಬಾಗಿಲಿಗೆ ಕಂಬಳಿ, ಮಗಳ ಕಿವಿಗೆ ಸ್ಕಾರ್ಫು. ಒಳಗೆ ಕೆಂಡದ ಬುಟ್ಟಿ, ಬೆಳ್ಳುಳ್ಳಿಯ ವಾಸನೆ, ಲೋಬಾನದ ಹೊಗೆ. ಹೊತ್ತುಹೊತ್ತಿಗೆ ಅಳವಿ ಬೀಜದ ಪಾಯಸ, ಅಂಟಿನುಂಡಿ. ನಾನು ಮೊಮ್ಮಗಳನ್ನು ನೋಡಲು ಕಂಬಳಿ ಸರಿಸಿದರೆ ಹೊಗೆಯೊಳಗಿಂದ ಒಂದು ಪುಟ್ಟ ಸೀನು ಕೇಳುತ್ತಿತ್ತು, ಅಷ್ಟೇ.

ಇನ್ನು ಅಳಿಯ ಅಮರೇಶನ ವಿಷಯ. ಅವನ ಊರು ಸಿಂಧನೂರು ಕಡೆಯ ಜವಳಗೇರಾ. ಭತ್ತ ಕೊಯ್ಯುವ ದೊಡ್ಡ ಯಂತ್ರ ನಡೆಸುತ್ತಾನೆ. ನನಗೆ ಸರಕಾರಿ ನೌಕರಿಯ ಅಳಿಯ ಬೇಕಾಗಿತ್ತು, ಮುಚ್ಚಿಡುವುದೇಕೆ. ನೀಲಮ್ಮ ತನ್ನ ಕಾಕನ ಕಡೆಯ ಸಂಬಂಧವೆಂದು ಇವನನ್ನು ತೋರಿಸಿದಳು. ಸುಜಾತಾ ನೆಲ ನೋಡುತ್ತ ನಕ್ಕಳು. ನನ್ನ ಮಾತು ಅಲ್ಲಿಗೆ ಮುಗಿಯಿತು. ಅಮರೇಶನಿಗೆ ಮೂರೇ ಮಾತು ಬರುತ್ತವೆ ಎಂದು ನಾನು ಮದುವೆಯಲ್ಲೇ ಕಂಡುಕೊಂಡೆ: "ಹೂಂನ್ರೀ", "ಇಲ್ರೀ", "ಬರ್ತೀನ್ರೀ". ಮನಸ್ಸಿನಲ್ಲಿ ಅವನಿಗೆ ಗುಮ್ಮನಗುಸುಕ ಎಂದು ಹೆಸರಿಟ್ಟೆ. ನೀಲಮ್ಮನ ಮುಂದೆ ಒಮ್ಮೆ ಅಂದುಬಿಟ್ಟೆ. "ಮಾತಾಡಾವ್ರ ಜೋಡಿ ಮೂವತ್ತೈದು ವರ್ಷ ಸಂಸಾರ ಮಾಡೀನಿ. ನನ್ನ ಮಗಳಿಗರ ಒಂದೀಟು ಶಾಂತಿ ಇರ್ಲಿ" ಎಂದಳು.

ಮೂರು ನಾಲ್ಕು ದಿನಕ್ಕೊಮ್ಮೆ ಅವನು ತಾಸಿಗೂ ಮೇಲಿನ ದಾರಿ ಬೈಕಿನಲ್ಲಿ ಬರುತ್ತಿದ್ದ. ಹೊಸ್ತಿಲಲ್ಲಿ ನಿಂತು ಅತ್ತೆಯ ಕೈಗೆ ಒಂದು ಚೀಲ ಕೊಡುತ್ತಿದ್ದ. ನೀಲಮ್ಮ ಪಕ್ಕದಲ್ಲಿ ನಿಂತಿರುವಾಗಲೇ ಐದು ನಿಮಿಷ ಹೆಂಡತಿ ಕೂಸನ್ನು ನೋಡುತ್ತಿದ್ದ. ಆಮೇಲೆ ನನಗೆ "ಬರ್ತೀನ್ರೀ" ಎಂದು ಹೇಳಿ ಹೊರಗೆ ಹೋದವನು ಬೈಕು ಹತ್ತುತ್ತಿರಲಿಲ್ಲ. ಪಕ್ಕದ ಕುರಿಗಾರ ದೇವಪ್ಪನ ಹಿತ್ತಲಿನ ಬೇವಿನ ಮರದ ಕೆಳಗೆ, ಕಲ್ಲುಕಟ್ಟೆಯ ಮೇಲೆ ಅರ್ಧ ತಾಸು ಮೇಲೆ ನೋಡುತ್ತ ಕುಳಿತಿರುತ್ತಿದ್ದ. ಮಾಳಿಗೆಯಿಂದ ಅವನನ್ನು ನೋಡುತ್ತ ನಾನು ಮಗಳ ಭವಿಷ್ಯದ ಬಗ್ಗೆ ಚಿಂತೆ ಮಾಡುತ್ತಿದ್ದೆ.

ಚಿಂತೆ ಮಾತ್ರವಲ್ಲ, ಒಂದು ಹಂಚಿಕೆಯನ್ನೂ ಹಾಕಿದ್ದೆ. ಸುಜಾತಾಳ ಪದವಿ ಮುಗಿದಿತ್ತು. ಲಿಂಗಸುಗೂರಿನ ಕಾಲೇಜಿನಿಂದ ಬಿ.ಎಡ್. ಅರ್ಜಿ ತಂದು ಕಪಾಟಿನಲ್ಲಿ ಇಟ್ಟಿದ್ದೆ. ಕೂಸು ಅಜ್ಜಿಯ ಹತ್ತಿರ ಇರುತ್ತದೆ, ಮಗಳು ನಾನು ಹೋಗುತ್ತಿದ್ದ ಅದೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ಎರಡು ವರ್ಷ ಜವಳಗೇರಾದ ಮಾತೇ ಇಲ್ಲ. ಯಾರಿಗೂ ಹೇಳಿರಲಿಲ್ಲ. ಒಳ್ಳೆಯದನ್ನು ಮಾಡುವಾಗ ಹೇಳಬೇಕಾಗಿಲ್ಲ ಎಂದು ಮಾಸ್ತರರಿಗೆ ಒಂದು ನಂಬಿಕೆ ಇರುತ್ತದೆ.

ಮಾರ್ಚ್ ಮಧ್ಯದಲ್ಲಿ ಸುಜಾತಾ ನನ್ನನ್ನು ಪಿಸುದನಿಯಲ್ಲಿ ಕರೆದಳು. ಅವ್ವ ಸಂತೆಗೆ ಹೋದ ಸಮಯ ನೋಡಿ ಕಿಟಕಿಯ ಸೀರೆ ಸರಿಸಿದ್ದಳು. "ಅಪ್ಪಾ, ಆ ಮರದಾಗ ಕೊಂಬಿನ ಹಕ್ಕಿ ಬಂದಾವ ನೋಡು."

ನೋಡಿದೆ. ಕಾಗೆಗಿಂತ ದೊಡ್ಡದು, ಬೂದಿ ಮೆತ್ತಿದಂಥ ಮೈ, ಉದ್ದ ಬಾಲ. ಕುಡುಗೋಲಿನಂಥ ಕೊಕ್ಕು, ಅದರ ಮೇಲೆ ಇನ್ನೊಂದು ಸಣ್ಣ ಕೊಂಬು. ಎರಡಾಳೆತ್ತರದಲ್ಲಿ ಹಳೆಯ ಟೊಂಗೆ ಮುರಿದು ಆದ ಪೊಟರೆಯ ಬಾಯಲ್ಲಿ ಒಂದು, ಮೇಲಿನ ಟೊಂಗೆಯಲ್ಲಿ ಇನ್ನೊಂದು. ಹಳೆಯ ಪಕ್ಷಿ ಪುಸ್ತಕವೊಂದನ್ನು ಹುಡುಕಿ ತೆಗೆದೆ. ಬೂದು ಮಂಗಟ್ಟೆ. ಕಾಡಿನ ಬಳಗದ ಹಕ್ಕಿ. ನಮ್ಮ ಕಲ್ಲುಗುಡ್ಡ, ಜಾಲಿಯ ಸೀಮೆಗೆ ಅಪರೂಪಕ್ಕೆ ಆಲದ ಹಣ್ಣಿನ ಆಸೆಗೆ ಬರುತ್ತದಂತೆ. ಅಷ್ಟು ಓದಿ, ಎಲ್ಲ ಗೊತ್ತಾಯಿತು ಎಂದು ಪುಸ್ತಕ ಮುಚ್ಚಿದೆ.

ನಾಲ್ಕೈದು ದಿನದಲ್ಲಿ ಹೆಣ್ಣು ಪೊಟರೆಯೊಳಗೆ ಹೋಗಿ ಒಳಗಿನಿಂದಲೇ ಬಾಗಿಲು ಕಟ್ಟತೊಡಗಿತು. ದೇವಪ್ಪ ಕುರಿಗಳನ್ನು ಬಿಡುವುದನ್ನೂ ಮರೆತು ನೋಡುತ್ತಿದ್ದ. "ಗಂಡು ಹೊರಗಿಂದ ಮಣ್ಣಿನ ಉಂಡಿ ತಂದ್ಕೊಡ್ತೈತ್ರೀ ಮಾಸ್ತರ. ಹೆಣ್ಣು ಒಳಗ ಕುಂತು ಗಿಲಾವ್ ಮಾಡ್ತೈತಿ. ಇಂಥಾ ಮೇಸ್ತ್ರಿ ನಮ್ಮ ಮನಿಗೆ ಸಿಗಲಿಲ್ಲ ನೋಡ್ರಿ." ಮಣ್ಣು, ತನ್ನದೇ ಹಿಕ್ಕೆ, ಹಣ್ಣಿನ ತಿರುಳು ಎಲ್ಲ ಕಲಸಿ ಬಡಿದ ಗಿಲಾವು ಒಣಗಿ ಕಲ್ಲಿನಂತಾಯಿತು. ನಡುವೆ ಉದ್ದಕ್ಕೆ ಒಂದು ಸಂದಿ, ಬರೀ ಕೊಕ್ಕು ಹೊರಬರುವಷ್ಟು. ಇನ್ನು ಮೊಟ್ಟೆಯೊಡೆದು ಮರಿ ಬಲಿಯುವವರೆಗೂ ಆಕೆ ಹೊರಗೆ ಬರುವುದಿಲ್ಲ. ಅವಳ ಅನ್ನ ನೀರೆಲ್ಲ ಗಂಡನ ಕೊಕ್ಕಿನಲ್ಲಿ.

ನಾನು ಇದನ್ನು ವಿವರಿಸಿದಾಗ ಸುಜಾತಾ ಸ್ಕಾರ್ಫು ಸಡಿಲಿಸುತ್ತ, "ಅದಕ್ಕರ ಒಂದು ಸಂದಿ ಐತಪ್ಪಾ. ಅವ್ವ ನನಗ ಅದನ್ನೂ ಬಿಟ್ಟಿಲ್ಲ" ಎಂದಳು.

ಗಂಡು ದಿನವಿಡೀ ಹಣ್ಣು ತರುತ್ತಿತ್ತು. ಗಂಟಲಲ್ಲಿ ತುಂಬಿಕೊಂಡು ಬಂದು ಸಂದಿಯ ಮುಂದೆ ಕುಳಿತು ಒಂದೊಂದೇ ಹೊರಗೆ ತೆಗೆದು ಕೊಡುವುದು. ನೀಲಮ್ಮ ಅದನ್ನು ನೋಡಿ ನನ್ನನ್ನು ನೋಡಿದಳು. ಸುಜಾತಾ ಹುಟ್ಟಿದಾಗ ನೀಲಮ್ಮ ತವರಿನಲ್ಲಿದ್ದಳು. ಪೇಪರು ತಿದ್ದುವ ನೆಪ ಹೇಳಿ ನಾನು ಇಪ್ಪತ್ತೆರಡನೇ ದಿನಕ್ಕೆ ಹೋಗಿದ್ದೆ. ಒಂದು ಡಜನು ಬಾಳೆಹಣ್ಣು ಒಯ್ದಿದ್ದೆ, ಬಸ್ಸಿನಲ್ಲಿ ಹಸಿವಾಗಿ ನಾಲ್ಕು ತಿಂದಿದ್ದೆ. ಈ ಸಂಗತಿ ನಮ್ಮ ಮನೆಯಲ್ಲಿ ಯಾವಾಗ ಬೇಕಾದರೂ ಮೇಲೆ ಬರುತ್ತದೆ. "ಹಕ್ಕೀನೂ ದಾರ್‍ಯಾಗ ತಿಂತಿರಬೇಕು ಬಿಡು" ಎಂದೆ. "ಅದರ ಗಂಟಲದಾಗ ಇದ್ರೂ ನುಂಗಂಗಿಲ್ಲ ನೋಡ್ರಿ" ಎಂದಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಒಳಗಿನ ಹಕ್ಕಿ ಹಿಂಬದಿಯನ್ನು ಸಂದಿಗೆ ಹಚ್ಚಿ ಪಿಚಕಾರಿ ಹೊಡೆದಂತೆ ಹೊಲಸನ್ನು ಹೊರಗೆ ಹಾರಿಸಿತು. ಅದು ದೇವಪ್ಪನ ಟಗರಿನ ಬೆನ್ನಿಗೆ ಹೋಗಿ ಬಿತ್ತು. ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು. ಹೇಳೋಣವೆಂದರೆ ಅವಳು ಈಗ ಎಲ್ಲಿ ಸಂಸಾರ ಮಾಡುತ್ತಿದ್ದಾಳೋ.

ಏಪ್ರಿಲ್ ಕೊನೆಯಲ್ಲಿ, ಪೊಟರೆಯಿಂದ ಮರಿಗಳ ಸಣ್ಣ ದನಿ ಕೇಳತೊಡಗಿ ವಾರವಾಗಿತ್ತು. ಒಂದು ಬೆಳಿಗ್ಗೆ ದೇವಪ್ಪ ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಇಟ್ಟ. ಬಿಚ್ಚಿದರೆ ಗಂಡುಹಕ್ಕಿ. ಜೀವ ಹೋಗಿತ್ತು, ಒಂದು ರೆಕ್ಕೆ ಕಮರಿತ್ತು.

"ಕಂಬದ ಬುಡಕ್ಕ ಬಿದ್ದಿತ್ರೀ. ಕರೆಂಟಿನ ತಂತಿಗೆ ಬಡದೈತಿ" ಎಂದ.

ಎತ್ತಿದಾಗ ಕೊಕ್ಕಿನಿಂದ ಮೂರು ಆಲದ ಹಣ್ಣು ಉರುಳಿ ಕಲ್ಲಿನ ಮೇಲೆ ಬಿದ್ದವು. ನೀಲಮ್ಮ ಸೆರಗನ್ನು ಬಾಯಿಗೆ ಹಚ್ಚಿಕೊಂಡಳು. "ಒಳಗ ಕುಂತಾಕಿಗೆ ಇದು ಹ್ಯಾಂಗ ಗೊತ್ತಾಗಬೇಕು" ಎಂದಳು.

ನಾನು ವಿಜ್ಞಾನ ಹೇಳಿದೆ. ಹಸಿವಾದರೆ ಅದೇ ಗೋಡೆ ಒಡೆದು ಬರುತ್ತದೆ, ನಿಸರ್ಗದಲ್ಲಿ ಎಲ್ಲಕ್ಕೂ ವ್ಯವಸ್ಥೆ ಇರುತ್ತದೆ ಎಂದೆ. ಕಿಟಕಿಯಲ್ಲಿ ನಿಂತಿದ್ದ ಸುಜಾತಾಳ ಕಣ್ಣಲ್ಲಿ ನೀರಿತ್ತು. "ರೆಕ್ಕಿ ಎಲ್ಲಾ ಉದುರಿಸ್ಕೊಂಡು ಕುಂತೈತಪ್ಪಾ ಅದು. ಸಂದ್ಯಾಗಿಂದ ಪುಕ್ಕ ಹೊರಗ ಹಾಕೂದು ನಾನ ನೋಡೀನಿ. ಬಂದ್ರೂ ಎಲ್ಲಿಗೆ ಹಾರ್ತೈತಿ?" ಎಂದಳು. ಅವಳು ಒಳಗೆ ಹೋಗಿ ಗಂಡನಿಗೆ ಫೋನು ಮಾಡಿದಳು.

ಅದು ಬೇಸಿಗೆ ಭತ್ತದ ಕೊಯ್ಲು. ಕಾಲುವೆ ಸೀಮೆಯಲ್ಲಿ ಯಂತ್ರದವರಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಅಮರೇಶ ಬರುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಾಗಿಲ ಮುಂದೆ ಬೈಕು ನಿಂತಿತು. ತಲೆಯ ತುಂಬ ಭತ್ತದ ಧೂಳು, ಕೈಯಲ್ಲಿ ಊಟದ ಡಬ್ಬಿ. ಡಬ್ಬಿಯ ತುಂಬ ಆಲದ ಹಣ್ಣು, ಅತ್ತಿ ಹಣ್ಣು.

"ಅತ್ತೀ, ಉದ್ದನ್ನ ಗಳ ಐತೇನ್ರೀ? ಮತ್ತ ಒಂದು ಸೌಟು" ಎಂದ.

ನೀಲಮ್ಮ ಹಿಂದುಮುಂದು ನೋಡದೆ ಅಳವಿ ಪಾಯಸದ ಸೌಟನ್ನೇ ತೊಳೆದು ತಂದಳು. ಅವನು ಗಾಡಿಯ ಡಬ್ಬಿಯಿಂದ ಟ್ಯೂಬಿನ ಪಟ್ಟಿ ತೆಗೆದು ಬಿಗಿದ. ಸೌಟಿನಲ್ಲಿ ಹಣ್ಣಿಟ್ಟು ಮೇಲೆತ್ತಿದರೆ ಸಂದಿಯಲ್ಲಿದ್ದ ಕೊಕ್ಕು ಸರಕ್ಕನೆ ಒಳಗೆ ಹೋಯಿತು. ಎಷ್ಟು ಹೊತ್ತು ಹಿಡಿದರೂ ಬರಲಿಲ್ಲ. "ನಾ ಹೇಳಿದ್ನಲ್ಲ" ಎಂದು ನಾನು ಶುರು ಮಾಡುವುದರಲ್ಲಿದ್ದೆ. ಅಮರೇಶ ಗಳವನ್ನು ಇಳಿಸಿ, ಸೌಟಿನ ಅಂಚಿನಿಂದ ಬೊಡ್ಡೆಯನ್ನು ಮೆಲ್ಲಗೆ ಎರಡು ಸಲ ಕುಟ್ಟಿದ. ತಡೆದ. ಆಮೇಲೆ ಒಂದೇ ಒಂದು ಹಣ್ಣನ್ನು ಇಟ್ಟು ಎತ್ತಿದ. ಕೊಕ್ಕು ಹೊರಬಂತು. ಹಣ್ಣನ್ನು ತುದಿಯಲ್ಲಿ ಹಿಡಿದು, ಕ್ಷಣ ಹೊತ್ತು ಹಾಗೇ ಇದ್ದು, ಒಳಗೆ ಎಳೆದುಕೊಂಡಿತು.

ನಾನು, "ಕುಟ್ಟಬೇಕಂತ ನಿಮಗ ಹ್ಯಾಂಗ ಗೊತ್ತಾತು?" ಎಂದು ಕೇಳಿದೆ.

"ಗಂಡು ಬಂದಾಗ ಮೊದ್ಲ ಕೊಕ್ಕಿಲೆ ಎರಡು ಸಲ ಕುಟ್ಟತಿತ್ರೀ ಮಾವಾರ. ಒಳಗಿಂದು ಎಚ್ಚರಾಗಲಿ ಅಂತ. ಆಮ್ಯಾಲೆ ಒಂದೊಂದ ಕೊಡತಿತ್ತು. ಎಲ್ಲಾ ಒಮ್ಮೆಗೇ ತುರಕತಿದ್ದಿಲ್ಲ. ಬಂದಾಗೆಲ್ಲಾ ಇಲ್ಲೇ ಕುಂತು ನೋಡೀನ್ರೀ."

ಮದುವೆಯಾದ ಮೇಲೆ ಅವನು ನನ್ನೊಂದಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಮಾಳಿಗೆಯಿಂದ ನಾನು ಅವನನ್ನು ನೋಡುತ್ತಿದ್ದ ಅರ್ಧರ್ಧ ತಾಸುಗಳಲ್ಲಿ ಅವನು ಏನು ನೋಡುತ್ತಿದ್ದ ಎಂದು ಆಗ ತಿಳಿಯಿತು.

ಎಂಟು ಗಂಟೆಗೆ ಅವನು ಎದ್ದ. ಬೆಳಗಿನ ತೇವ ಆರುವವರೆಗೆ ಪೈರಿಗೆ ಯಂತ್ರ ಇಳಿಸುವುದಿಲ್ಲವಂತೆ. ಅಲ್ಲಿಯವರೆಗಿನ ಸಮಯ ಅವನದು, ಅದನ್ನು ದಿನಾ ಇಲ್ಲಿಗೆ ತರುತ್ತೇನೆ ಎಂದ. ಹಗಲಿನ ಪಾಳಿ ನನಗೆ ಬಿತ್ತು.

ಆ ಹನ್ನೊಂದು ದಿನ ನಮ್ಮ ಓಣಿಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ತಲೆಗೆ ಟವೆಲ್ಲು ಸುತ್ತಿಕೊಂಡು, ಮೇ ತಿಂಗಳ ಬಿಸಿಲಲ್ಲಿ, ನಿವೃತ್ತ ವಿಜ್ಞಾನ ಶಿಕ್ಷಕರು ಗಳ ಹಿಡಿದು ಮರ ಕುಟ್ಟುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಮೊದಲ ದಿನ ಹಣ್ಣುಗಳೆಲ್ಲ ನನ್ನ ಮುಖದ ಮೇಲೇ ಬಿದ್ದವು. ಸುಜಾತಾ ಕಿಟಕಿಯಿಂದ, "ಎಡಕ್ಕಪ್ಪಾ, ಎಡಕ್ಕ. ಮ್ಯಾಲೆ. ಈಗ ತಡಿ, ಆಕಿ ತಗೊಳ್ಳಲಿ" ಎಂದು ಹೇಳಿಕೊಡುತ್ತಿದ್ದಳು. ನೀಲಮ್ಮ ಕಿಟಕಿಯ ಸೀರೆ ತೆಗೆದುಹಾಕಿದ್ದನ್ನು ಯಾರೂ ಎತ್ತಿ ಆಡಲಿಲ್ಲ. ಬರೀ ಹಣ್ಣಿನಿಂದ ಮರಿಗಳಿಗೆ ಶಕ್ತಿ ಬರುವುದಿಲ್ಲವೆಂದು ದೇವಪ್ಪ ಕುರಿ ಕಾಯುವಾಗ ಮಿಡತೆ ಹಿಡಿದು ಬೆಂಕಿಪೊಟ್ಟಣದಲ್ಲಿ ತರುತ್ತಿದ್ದ. ಮಿಡತೆಯನ್ನು ಸೌಟಿನಲ್ಲಿ ಕೂರಿಸಿ ಮೇಲಕ್ಕೆ ಒಯ್ಯುವ ಕಷ್ಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ಅಮರೇಶ ಒಂದು ದಿನವೂ ತಪ್ಪಿಸಲಿಲ್ಲ. ಒಮ್ಮೆ ಬೆಳಿಗ್ಗೆ ನಾನು ಎದ್ದು ಬಂದಾಗ ಅವನು ಹೆಲ್ಮೆಟ್ಟು ಹಾಕಿಕೊಂಡೇ ಕಟ್ಟೆಯ ಮೇಲೆ ನಿದ್ದೆ ಹೋಗಿದ್ದ. ಎದುರಿಗೆ ನೀಲಮ್ಮ ಚಹಾ ಹಿಡಿದು ನಿಂತಿದ್ದಳು. ಎಬ್ಬಿಸಬಾರದೆಂದು ನಿಂತೇ ಇದ್ದಳು. ಚಹಾ ಆರಿಹೋಗಿತ್ತು.

ಹನ್ನೆರಡನೇ ದಿನ ಮಧ್ಯಾಹ್ನ ನನ್ನ ಪಾಳಿಯಲ್ಲೇ ಅದು ನಡೆಯಿತು. ಬೊಡ್ಡೆ ಕುಟ್ಟಲು ಹೋದೆ, ಗಿಲಾವಿನ ಚೂರುಗಳು ತಲೆಯ ಮೇಲೆ ಉದುರಿದವು. ಹೆಣ್ಣು ಒಳಗಿನಿಂದ ಗೋಡೆ ಒಡೆಯುತ್ತಿತ್ತು. ತಲೆ ಬಂತು, ಮೈ ಬಂತು. ಹೊಲಸಾದ, ಸೊರಗಿದ ಹಕ್ಕಿ. ಟೊಂಗೆಯ ಮೇಲೆ ಕುಳಿತು ಹೊಸ ಗರಿ ಮೂಡಿದ ರೆಕ್ಕೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿಕೊಂಡಿತು. ಆಮೇಲೆ ತಡವರಿಸುತ್ತ ಹಾರಿ, ಮನೆಗಳ ಮೇಲಿಂದ ಗುಡ್ಡದ ಕಡೆ ಹೋಗಿ ಕಾಣದಾಯಿತು. ಒಡೆದ ಬಾಗಿಲೊಳಗೆ ಎರಡು ಮರಿಗಳು ಬಾಯಿ ತೆರೆದು ಕೂಗುತ್ತಿದ್ದವು.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಅಳಿಯ ನೆನಪಾಗುತ್ತಿದ್ದ ಕಾಲ ಅದು. ಫೋನು ಹಚ್ಚಿದೆ. "ನಿಮ್ಮ ಹಕ್ಕಿ ಮಕ್ಕಳನ್ನ ಬಿಟ್ಟು ಹೋತು ನೋಡ್ರಿ. ಇಷ್ಟು ದಿನ ಉಣಿಸಿದ್ದೆಲ್ಲಾ ಹಾಳಾತು."

ಆ ಕಡೆ ಯಂತ್ರದ ಗರ್ಜನೆ. ಅದರ ನಡುವೆ ಅವನೆಂದ, "ಬರ್ತೈತ್ರೀ ಮಾವಾರ."

"ಹ್ಯಾಂಗ ಹೇಳ್ತೀರಿ?"

"ಅದರ ಮಕ್ಕಳಲ್ರೀ."

ನಾನು ಫೋನು ಇಟ್ಟು ಕಟ್ಟೆಯ ಮೇಲೆ ಕುಳಿತೆ. ನಾಲ್ಕು ಗಂಟೆಯ ಸುಮಾರಿಗೆ ಅದು ಬಂತು. ಕೊಕ್ಕಿನ ತುದಿಯಲ್ಲಿ ಒಂದು ಹಣ್ಣು. ಪೊಟರೆಯ ಮುಂದೆ ಕುಳಿತು ಕೊಕ್ಕಿನಿಂದ ಎರಡು ಸಲ ಕುಟ್ಟಿತು.

ಇನ್ನೂ ಒಂದು ಆಶ್ಚರ್ಯ ಉಳಿದಿತ್ತು. ಅಮ್ಮ ಒಡೆದ ಗೋಡೆಯನ್ನು ಮರಿಗಳು ಒಳಗಿನಿಂದ ತಾವೇ ಮತ್ತೆ ಕಟ್ಟುತ್ತಿದ್ದವು. ಕಲಿಸಿದವರು ಯಾರೂ ಇಲ್ಲ. ಹುಟ್ಟಿ ಮೂರು ವಾರವಾದ ಮರಿಗಳು ತಮ್ಮದೇ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ, ಕೊಕ್ಕಿನಿಂದ ಬಡಿದು, ಎರಡು ದಿನದಲ್ಲಿ ಮತ್ತೆ ಒಂದು ಸಂದಿಯಷ್ಟೇ ಉಳಿಸಿದವು. ಪುಸ್ತಕ ತೆಗೆದೆ. ನಾನು ತಿರುವದೆ ಬಿಟ್ಟಿದ್ದ ಮುಂದಿನ ಪುಟದಲ್ಲಿ ಎಲ್ಲವೂ ಇತ್ತು. ಮರಿಗಳು ಒಂದು ಹಂತಕ್ಕೆ ಬಂದಾಗ ತಾಯಿ ಹೊರಬಂದು ಆಹಾರ ತರುತ್ತದೆ, ಮರಿಗಳು ಬಾಗಿಲನ್ನು ಪುನಃ ಮುಚ್ಚಿಕೊಳ್ಳುತ್ತವೆ. ಅಳಿಯನಿಗೆ ಫೋನು ಮಾಡಿ ತಪ್ಪಾಯಿತು ಎನ್ನಬೇಕಿತ್ತು. ನನ್ನಿಂದ ಆಗಲಿಲ್ಲ. ನೀಲಮ್ಮ ಮಾಡಿದಳು. "ನಿಮ್ಮ ಮಾವಾರು ನಿಮಗ ಚಲೋ ಸುದ್ದಿ ಹೇಳು ಅಂದಾರ" ಎಂದು ನನ್ನ ಮುಂದೆಯೇ ಹೇಳಿದಳು. ನಾನು ಹಾಗೆ ಅಂದಿರಲಿಲ್ಲ.

ಜೂನ್ ಮೊದಲ ವಾರ, ಬೇವಿನ ಹಣ್ಣು ಉದುರುವ ಹೊತ್ತಿಗೆ, ಮರಿಗಳು ಒಂದು ದಿನದ ಅಂತರದಲ್ಲಿ ಹೊರಬಂದವು. ಎರಡನೆಯದು ದೇವಪ್ಪನ ತಗಡಿನ ಮೇಲೆ ಜಾರಿ ಬಿದ್ದು, ಎದ್ದು, ಸುತ್ತಲೂ ನೋಡಿ, ಬಿದ್ದೇ ಇಲ್ಲ ಎಂಬಂತೆ ಹಾರಿತು.

ಆ ಸಂಜೆಯೇ ನಾನು ಕಪಾಟಿನಿಂದ ಬಿ.ಎಡ್. ಅರ್ಜಿ ತೆಗೆದು ಮಗಳ ಮುಂದೆ ಇಟ್ಟೆ. ಬಸ್ಸು, ಅಜ್ಜಿ, ಎರಡು ವರ್ಷ, ಎಲ್ಲ ಹೇಳಿದೆ. ಸುಜಾತಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹಾಸಿಗೆಯ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಇನ್ನೊಂದು ಅರ್ಜಿ. ಸಿಂಧನೂರಿನ ಕಾಲೇಜಿನದು. ತುಂಬಿ, ಫೋಟೋ ಹಚ್ಚಿ, ಅಮರೇಶ ಸಹಿ ಮಾಡಿದ್ದು.

"ಮಾರ್ಚಿನ್ಯಾಗ ತಂದಾರ. ಆ ಚೀಲದಾಗ ಇತ್ತು. ನೀ ಯಾವತ್ತರ ಆ ಚೀಲಾ ಬಿಚ್ಚಿ ನೋಡೀಯೇನಪ್ಪಾ?"

"ಕೂಸು?"

"ಅತ್ತಿ ಅದಾರ. ಇವ್ರು ಮುಂಜಾನೆ ತೇವ ಆರೂತನ ಮನ್ಯಾಗ ಇರ್ತಾರ. ಐದನೇ ತಿಂಗಳತನ ಕಾಯಂಗಿಲ್ಲ, ಕಾಲೇಜು ಶುರುವಾಗೂದ್ರಾಗ ಹೋಗ್ತೀನಿ."

"ನನಗ್ಯಾಕ ಹೇಳ್ಲಿಲ್ಲ ನೀವು?"

ಅವಳು ಕೂಸಿನ ತಲೆಯ ಕುಲಾಯಿ ಸರಿಮಾಡುತ್ತ, "ನೀ ಕೇಳ್ಲಿಲ್ಲಪ್ಪಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನನ್ನ ಅರ್ಜಿಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡೆ. ಜೂನ್ ಕೊನೆಗೆ ನೀಲಮ್ಮ ಡಬ್ಬಿ ತುಂಬ ಅಂಟಿನುಂಡಿ ಕಟ್ಟಿ ಮಗಳನ್ನು ಕಳಿಸಿಕೊಟ್ಟಳು. ಆಮೇಲೆ ಒಂದು ವಾರ ನಮ್ಮಿಬ್ಬರಿಗೂ ಅಡುಗೆ ಉಳಿಯುತ್ತಿತ್ತು.

ಡಿಸೆಂಬರಿನಲ್ಲಿ ಮೊಮ್ಮಗಳನ್ನು ನೋಡುವ ನೆಪದಲ್ಲಿ ನಾನೊಬ್ಬನೇ ಜವಳಗೇರಾಕ್ಕೆ ಹೋದೆ. ಸುಜಾತಾ ಕಾಲೇಜಿಗೆ ಹೋಗಿದ್ದಳು. ಬೀಗಿತಿ ಚಹಾ ಕೊಟ್ಟು, ಅಮರೇಶ ಊರ ಪಕ್ಕದ ಗದ್ದೆಯಲ್ಲೇ ಇದ್ದಾನೆ ಎಂದರು. ಕೂಸನ್ನು ಎತ್ತಿಕೊಂಡು ಕಾಲುವೆಯ ದಂಡೆ ಹಿಡಿದು ನಡೆದೆ. ಅವನು ಯಂತ್ರ ನಡೆಸುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮನೆಯಷ್ಟು ದೊಡ್ಡ ಯಂತ್ರ. ಎತ್ತರದಲ್ಲಿ ಗಾಜಿನ ಹಿಂದೆ ಧೂಳು ಹಿಡಿದ ಅವನ ಮುಖ. ಬಂಗಾರದ ಬಣ್ಣದ ಪೈರು ಪಟ್ಟೆಪಟ್ಟೆಯಾಗಿ ಒಳಗೆ ಹೋಗುತ್ತಿತ್ತು. ಬದುವಿನ ಮೇಲೆ ಗದ್ದೆಯ ಯಜಮಾನ ನಿಂತಿದ್ದ. ದಪ್ಪ ಮೀಸೆಯ, ನನ್ನ ವಯಸ್ಸಿನವನು. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಗದ್ದೆಯ ನಡುವೆ ಬಂದಾಗ ಒಂದು ಪುಟ್ಟ ಹಕ್ಕಿ ಪೈರಿನಿಂದ ಎದ್ದು ಚೀರುತ್ತ ಯಂತ್ರದ ಮುಂದೆ ಸುತ್ತತೊಡಗಿತು. ಯಂತ್ರ ನಿಂತಿತು. ಹಿಂದೆ ಸರಿಯಿತು. ಆಮೇಲೆ ಆ ಜಾಗವನ್ನು ಬಳಸಿಕೊಂಡು ಮುಂದೆ ಹೋಯಿತು. ಹಿಂದೆ ಒಂದು ಹಾಸಿಗೆಯಷ್ಟು ಅಗಲದ ಪೈರು ಹಾಗೇ ನಿಂತುಕೊಂಡಿತು.

"ಏ, ಅದ್ಯಾಕ ಬಿಟ್ಟಿಯೋ?" ಎಂದು ಯಜಮಾನ ಕೂಗಿದ. ಯಂತ್ರದ ಸದ್ದಿನಲ್ಲಿ ಅದು ಮುಟ್ಟಲಿಲ್ಲ. ನನ್ನ ಕಡೆ ತಿರುಗಿದ. "ಡ್ರೈವರ್ ಚಲೋ ಅದಾನ್ರೀ. ಆದ್ರ ಬಾಯೇ ಬಿಡಂಗಿಲ್ಲ. ಯಾಕ ಬಿಟ್ಟಾನೋ, ಏನೋ."

ನಾನು ಚಪ್ಪಲಿ ಕಳಚಿ, ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಕೂಳೆಗಳ ನಡುವೆ ಕೆಸರಲ್ಲಿ ಇಳಿದೆ. ಬಾಗಿ ಪೈರು ಸರಿಸಿದೆ. ನಾಲ್ಕೈದು ತೆನೆಗಳನ್ನು ಜೋಡಿಸಿ ಹುಲ್ಲೆಳೆಯಿಂದ ಹೆಣೆದ, ನನ್ನ ಹೆಬ್ಬೆರಳು ಹಿಡಿಸುವಷ್ಟು ಬಾಯಿಯ ಒಂದು ಚೀಲ. ಒಳಗೆ ಮೂರು ಮೊಟ್ಟೆ. ಯಾವ ಹಕ್ಕಿಯದೋ ನನಗೆ ಗೊತ್ತಾಗಲಿಲ್ಲ. ಯಜಮಾನನನ್ನು ಕರೆದೆ. ಅವನು ಗೊಣಗುತ್ತ ಬಂದು, ನನ್ನ ಹೆಗಲ ಮೇಲಿಂದ ಬಾಗಿ ನೋಡಿದ. ಕೂಸು ಕೈ ಚಾಚಿತು. ಅವನೇ ಆ ಪುಟ್ಟ ಕೈಯನ್ನು ಹಿಡಿದು ಹಿಂದೆ ತೆಗೆದ.

"ಎಷ್ಟು ದಿನಾ ಬೇಕಾಗ್ತಾವ್ರೀ ಇದಕ್ಕ?" ಎಂದು ಕೇಳಿದ.

"ನನಗ ಗೊತ್ತಿಲ್ರೀ. ಅವ್ರನ್ನ ಕೇಳ್ರಿ, ಅವ್ರಿಗೆ ಗೊತ್ತಿರ್ತೈತಿ" ಎಂದು ಯಂತ್ರದ ಕಡೆ ಕೈ ತೋರಿಸಿದೆ. ಅದು ಗದ್ದೆಯ ಅಂಚಿನಲ್ಲಿ ತಿರುಗಿ ನಮ್ಮ ಕಡೆಗೇ ಬರುತ್ತಿತ್ತು.

ಯಜಮಾನ ತಲೆಯ ಟವೆಲ್ಲನ್ನು ಬಿಚ್ಚಿ ಒಂದು ಕೋಲಿಗೆ ಕಟ್ಟಿದ. ಕೊಯ್ಲಾದ ಮೇಲೆ ಬಂದು ಹುಲ್ಲು ಸುತ್ತುವ ಯಂತ್ರದವರಿಗೆ ಗೊತ್ತಾಗಲೆಂದು ಪೈರಿನ ಪಕ್ಕದಲ್ಲಿ ನೆಟ್ಟ. ಕೈಯ ಕೆಸರನ್ನು ಒರೆಸಿಕೊಳ್ಳುತ್ತ, "ನಿಮಗ ಏನಾಗ್ಬೇಕ್ರೀ ಅಂವ?" ಎಂದ.

"ನಮ್ಮ ಅಳಿಯಂದಿರು" ಎಂದೆ.

ಯಂತ್ರ ಹತ್ತಿರ ಬಂದಿತ್ತು, ಸದ್ದು ಜೋರಾಗಿತ್ತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳಿದೆ.